ಹಾಡಿಯ ಗ್ರಾಮಸಭೆಯಿಂದ ಹಕ್ಕುಪತ್ರದ ತನಕ: ಅರಣ್ಯ ಹಕ್ಕಿಗೆ ಅರ್ಜಿ ಹಾಕೋದು ಹೇಗೆ

ಹಾಡಿಯಲ್ಲೋ ಪೋಡಿನಲ್ಲೋ, ಅಂದ್ರೆ ಕಾಡಿನ ಬುಡಕಟ್ಟು ಜನರ ವಸತಿಯಲ್ಲಿ, ಓದು ಬರಹ ಬರೋ ಒಬ್ಬ ಹುಡುಗ ಅಥವಾ ಹುಡುಗಿ ಇದ್ರೆ ಸಾಕು, ಅರಣ್ಯ ಹಕ್ಕು ಕಾಯ್ದೆ ಕೆಳಗೆ ಅರ್ಜಿ ಹಾಕಕ್ಕೆ ಲಾಯರ್ ಬೇಡ, ಬ್ರೋಕರ್ ಬೇಡ, ಫೀಸಂತೂ ಇಲ್ಲವೇ ಇಲ್ಲ. ಇದನ್ನ ಮೊದಲಿಗೇ ಹೇಳ್ತಿರೋದು ಯಾಕಂದ್ರೆ "ಹಕ್ಕುಪತ್ರ ಮಾಡಿಸ್ಕೊಡ್ತೀನಿ" ಅಂತ ದುಡ್ಡು ಇಸ್ಕೊಂಡು ಹೋಗೋರು ಇದಾರೆ, ಕಾಫಿ ತೋಟದಲ್ಲಿ ಕೂಲಿ ಮಾಡಿ ತಂದ ದುಡ್ಡು ಅದು, ಒಂದು ಪೈಸೆನೂ ಕೊಡಬೇಡಿ. ಈ ಲೇಖನ ಜೇನುಕುರುಬ, ಸೋಲಿಗ, ಯರವ, ಕೊರಗ, ಮಲೆಕುಡಿಯ, ಸಿದ್ದಿ, ಹಸಲರು, ಗೌಡಲು ಹೀಗೆ ಕಾಡನ್ನೇ ನಂಬಿಕೊಂಡು ಬಂದ ಎಲ್ಲರಿಗೂ, ಜೊತೆಗೆ ನಮ್ಮ ರಾಜ್ಯದಲ್ಲಿ ಎಸ್‌ಟಿ ಪಟ್ಟಿಗೆ ಇನ್ನೂ ಸೇರದ ಹಾಲಕ್ಕಿ, ಕುಣಬಿ ಥರದ ಸಮುದಾಯದವರಿಗೂ. ಓದೋಕೆ ಬರದ ಹಿರಿಯರಿಗೆ ದಯವಿಟ್ಟು ಕೂತು ಓದಿ ಹೇಳಿ.

ಕಾಯ್ದೆ ಹೆಸರು ಉದ್ದ ಇದೆ, ಅನುಸೂಚಿತ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಕಾಯ್ದೆ, 2006. ಜಾರಿಗೆ ಬಂದಿದ್ದು 2007ರ ಡಿಸೆಂಬರ್ 31ಕ್ಕೆ, ನಿಯಮ ಬಂದಿದ್ದು 2008ರ ಜನವರಿ 1ಕ್ಕೆ. ಆಮೇಲೆ 2012ರ ಸೆಪ್ಟೆಂಬರ್ 6ಕ್ಕೆ ನಿಯಮಕ್ಕೆ ದೊಡ್ಡ ತಿದ್ದುಪಡಿ ಆಯ್ತು, ಆ ತಿದ್ದುಪಡಿ ಜನರ ಪರವಾಗಿ ತುಂಬಾ ಗಟ್ಟಿ ಇದೆ, ಹಾಗಾಗಿ ಯಾರಾದ್ರೂ ಹಳೇ ನಿಯಮದ ಪುಸ್ತಕ ತೋರಿಸಿ ಮಾತಾಡಿದ್ರೆ "ಸಾರ್, 2012ರದ್ದು ನೋಡೋಣ" ಅನ್ನಿ. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯ ಆಗಿದೆ ಅಂತ ಪಾರ್ಲಿಮೆಂಟೇ ಈ ಕಾಯ್ದೆಯ ಪೀಠಿಕೆಯಲ್ಲಿ ಒಪ್ಪಿಕೊಂಡು ಬರೆದಿದೆ. ನೀವು ಆಫೀಸಿಗೆ ಹೋಗೋದು ದಯೆ ಕೇಳೋಕಲ್ಲ, ಇದು ನೆನಪಿರಲಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಬುಡಕಟ್ಟು ಸ್ವಯಮಾಡಳಿತ ಅಂದ ತಕ್ಷಣ ಎಲ್ಲರೂ ಪೆಸಾ ಕಾಯ್ದೆ ಅಂತಾರೆ, ಪಂಚಾಯ್ತಿ ಆಡಳಿತವನ್ನ ಅನುಸೂಚಿತ ಬುಡಕಟ್ಟು ಪ್ರದೇಶಗಳಿಗೆ ವಿಸ್ತರಿಸಿದ 1996ರ ಕಾಯ್ದೆ. ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ, ಅಂದ್ರೆ ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಹೀಗೆ ಹತ್ತು ರಾಜ್ಯದ ಕೆಲವು ಭಾಗಕ್ಕೆ. ಕರ್ನಾಟಕದಲ್ಲಿ ಒಂದೇ ಒಂದು ಅನುಸೂಚಿತ ಪ್ರದೇಶನೂ ಇಲ್ಲ. ಹಾಗಾಗಿ ನಮ್ಮ ಹಾಡಿಗಳಿಗೆ ಸ್ವಂತ ಆಡಳಿತಕ್ಕೆ ಕಾನೂನಿನ ಬಲ ಅಂತ ಏನಾದ್ರೂ ಇದ್ರೆ ಅದು ಮುಖ್ಯವಾಗಿ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿರೋ ಗ್ರಾಮಸಭೆ. ಇದಕ್ಕೇ ನಾನು ಕೆಳಗೆ ಗ್ರಾಮಸಭೆ ಬಗ್ಗೆನೇ ಜಾಸ್ತಿ ಬರೆದಿದೀನಿ.

ಮೊದಲು ಯಾವ ಹಕ್ಕು ಅಂತ ತಿಳ್ಕೊಳ್ಳಿ

ಅರ್ಜಿ ಮೂರು ಥರ. ಫಾರ್ಮ್ ಎ ಅಂದ್ರೆ ನಿಮ್ಮ ಕುಟುಂಬ ವಾಸ ಮಾಡ್ತಿರೋ, ಉಳುಮೆ ಮಾಡ್ತಿರೋ ಜಮೀನಿಗೆ ವೈಯಕ್ತಿಕ ಹಕ್ಕು. ಫಾರ್ಮ್ ಬಿ ಅಂದ್ರೆ ಸಮುದಾಯದ ಹಕ್ಕು, ಜೇನು ಇಳಿಸೋದು, ನೆಲ್ಲಿಕಾಯಿ, ಸೀಗೇಕಾಯಿ, ಪಾಚಿ, ಗೆಣಸು ತರೋದು, ಮೀನು ಹಿಡಿಯೋದು, ದನ ಮೇಯಿಸೋದು, ದೇವರ ಜಾಗಕ್ಕೆ ಹೋಗಿ ಪೂಜೆ ಮಾಡೋದು ಇವೆಲ್ಲ. ಫಾರ್ಮ್ ಸಿ ಅಂದ್ರೆ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕು, ಅಂದ್ರೆ ನಿಮ್ಮ ಹಾಡಿಯವರು ಮೊದಲಿಂದ ಬಳಸಿಕೊಂಡು ಕಾಪಾಡಿಕೊಂಡು ಬಂದಿರೋ ಅಷ್ಟೂ ಕಾಡನ್ನ ರಕ್ಷಣೆ ಮಾಡೋ, ನಿರ್ವಹಣೆ ಮಾಡೋ ಅಧಿಕಾರ ಗ್ರಾಮಸಭೆಗೆ.

ಎಲ್ಲರೂ ಫಾರ್ಮ್ ಎ ಮಾತ್ರ ಹಾಕಿ ಸುಮ್ನಾಗ್ತಾರೆ. ಎರಡೆಕರೆಗೆ ಹಕ್ಕುಪತ್ರ ಬಂದ್ರೂ ಸುತ್ತಲಿನ ಕಾಡಿಗೆ ಕಾಲಿಡೋಕೆ ಗಾರ್ಡ್‌ನ ಕೇಳಬೇಕು ಅಂದ್ರೆ ಆ ಬದುಕು ಅರ್ಧ ಮಾತ್ರ. ನನ್ನ ಕೇಳಿದ್ರೆ ಮೂರೂ ಒಟ್ಟಿಗೆ ಹಾಕಿ, ಒಂದೇ ಹಾಕೋ ಶಕ್ತಿ ಇದ್ರೆ ಫಾರ್ಮ್ ಸಿ ಹಾಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನ ಮಾಡಿ ತೋರಿಸಿದಾರೆ. ಆ ಬೆಟ್ಟ 1974ರಲ್ಲಿ ಅಭಯಾರಣ್ಯ ಆಯ್ತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು. ಹುಲಿ ಕಾಡೊಳಗೆ ಸಮುದಾಯ ಹಕ್ಕು ಸಿಕ್ಕಿದ್ದು ಇಡೀ ದೇಶದಲ್ಲಿ ಅದೇ ಮೊದಲು. ಅದಕ್ಕೂ ಮುಂಚೆ ಅವರು ತಮ್ಮ ಯೆಲ್ಲೆಗಳನ್ನ, ಅಂದ್ರೆ ಒಂದೊಂದು ಕುಲದ ಕಾಡಿನ ಎಲ್ಲೆಗಳನ್ನ, ದೇವರು, ಮಾರಮ್ಮ, ಕಲ್ಲುಗುಡಿ, ಅಬ್ಬಿ ಇರೋ ಜಾಗಗಳನ್ನ ಸಂಶೋಧಕರ ಜೊತೆ ನಡೆದು ನಡೆದು ಮ್ಯಾಪ್ ಮಾಡಿದ್ರು. ಇನ್ಮೇಲೆ ಯಾರಾದ್ರೂ "ನ್ಯಾಷನಲ್ ಪಾರ್ಕ್ ಒಳಗೆ ಈ ಕಾಯ್ದೆ ಬರಲ್ಲ" ಅಂದ್ರೆ ಬಿಆರ್‌ಟಿ, ಅಂದ್ರೆ ಇದೇ ಬಿಳಿಗಿರಿರಂಗನ ಬೆಟ್ಟದ ಹೆಸರು ಹೇಳಿ. ಕಾಯ್ದೆಯ 2ನೇ ಸೆಕ್ಷನ್‌ನಲ್ಲೇ ಅರಣ್ಯ ಭೂಮಿ ಅಂದ್ರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲಾ ಸೇರಿ ಅಂತ ಬರೆದಿದೆ.

ನಾಗರಹೊಳೆ ಥರದ ಕಡೆ ಪುನರ್ವಸತಿ ಕೊಡದೆ ಹಿಂದೆ ಎಬ್ಬಿಸಿ ಕಳಿಸಿದ ಕುಟುಂಬಗಳಿಗೂ ದಾರಿ ಇದೆ, ಸೆಕ್ಷನ್ 3(1)(ಎಂ). 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾನೂನುಬಾಹಿರವಾಗಿ, ಪುನರ್ವಸತಿ ಇಲ್ಲದೆ ಹೊರಗೆ ಹಾಕಿದ್ರೆ ಅದೇ ಜಾಗದಲ್ಲಿ ಅಥವಾ ಬದಲಿ ಭೂಮಿಯಲ್ಲಿ ಪುನರ್ವಸತಿ ಕೇಳೋ ಹಕ್ಕು ಅದು. ಹೈಕೋರ್ಟ್ ಆದೇಶದ ಮೇಲೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ 3,418 ಕುಟುಂಬಗಳ ಲೆಕ್ಕ ಇದೆ. ನಿಮ್ಮ ಮನೆತನ ಆ ಪಟ್ಟಿಯಲ್ಲಿ ಇದ್ರೆ ಅದು ದೊಡ್ಡ ಸಾಕ್ಷಿ, ಅದರ ಪ್ರತಿ ಹುಡುಕಿ ಇಟ್ಕೊಳ್ಳಿ.

ಹಾಗೇ ಬಗರ್ ಹುಕುಂ ಬೇರೆ, ಇದು ಬೇರೆ. ತಹಶೀಲ್ದಾರ್ ಹತ್ರ ಫಾರ್ಮ್ 53, 57 ಹಾಕೋದು ಸರ್ಕಾರದ ಕಂದಾಯ ಭೂಮಿಗೆ. ಕಾಡಿನ ಜಮೀನಿಗೆ ಅಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ತಾ ಕೂತಿರೋರು ಎಷ್ಟೋ ಜನ, ಆ ಅರ್ಜಿಯ ಸ್ವೀಕೃತಿ ಇದ್ರೆ ಬಿಸಾಕಬೇಡಿ, ಹಳೇದಾದ್ರೆ ಸಾಕ್ಷಿಯಾಗಿ ಉಪಯೋಗಕ್ಕೆ ಬರಬಹುದು, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ.

ಹೆಜ್ಜೆ 1: ಹಾಡಿಯದ್ದೇ ಗ್ರಾಮಸಭೆ ಮಾಡಿ

ಪಂಚಾಯ್ತಿ ಆಫೀಸಲ್ಲಿ ಐದಾರು ಊರಿನೋರು ಸೇರಿ ಮಾಡೋ ಸಭೆ ಇದಕ್ಕೆ ಆಗಲ್ಲ. ಅಲ್ಲಿ ಹಾಡಿಯೋರು ಹಿಂದಿನ ಸಾಲಲ್ಲಿ ನಿಂತಿರ್ತಾರೆ, ಮಾತು ಬೇರೆಯವರದ್ದು ನಡೆಯತ್ತೆ. ಕಾಯ್ದೆಯ ಸೆಕ್ಷನ್ 2(ಪಿ) ಪ್ರಕಾರ ಅರಣ್ಯ ಗ್ರಾಮ, ಹಳೇ ವಸತಿ, ಸರ್ವೆ ಆಗದ ಊರು, ಇವು ಸರ್ಕಾರಿ ಲೆಕ್ಕದಲ್ಲಿ ಗ್ರಾಮ ಅಂತ ಘೋಷಣೆ ಆಗಿರಲಿ ಬಿಡಲಿ, ಗ್ರಾಮನೇ. ಅಂದ್ರೆ ನಲವತ್ತು ಮನೆ ಇರೋ ಹಾಡಿಗೂ ತನ್ನದೇ ಗ್ರಾಮಸಭೆ ಇರಬಹುದು. ಹಾಡಿಯಲ್ಲಿ ಇರೋ ವಯಸ್ಕರೆಲ್ಲರೂ ಅದರ ಸದಸ್ಯರು.

ಸಭೆ ಕರೆಯೋ ಜವಾಬ್ದಾರಿ ಗ್ರಾಮ ಪಂಚಾಯ್ತಿದು. ಹಾಡಿಯ ಯಜಮಾನರು, ಹೆಣ್ಣುಮಕ್ಕಳು ಎಲ್ಲ ಸೇರಿ ಪಿಡಿಓಗೆ ಒಂದು ಪತ್ರ ಬರೀರಿ, "ನಮ್ಮ ಹಾಡಿಯಲ್ಲಿ ಅರಣ್ಯ ಹಕ್ಕು ಸಮಿತಿ ರಚನೆಗೆ ಗ್ರಾಮಸಭೆ ಕರೀಬೇಕು" ಅಂತ, ಅದರ ಒಂದು ಪ್ರತಿ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗೂ, ಇನ್ನೊಂದು ಪ್ರತಿ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ತಾಲೂಕು ಆಫೀಸಿಗೂ ಕೊಡಿ. ಮೂರೂ ಕಡೆ ಟಪಾಲಿನಲ್ಲಿ ಸೀಲು, ಸಹಿ, ತಾರೀಖು ಹಾಕಿಸ್ಕೊಂಡೇ ಬನ್ನಿ. ಬಾಯಲ್ಲಿ "ಆಯ್ತು ಮಾಡೋಣ" ಅಂದಿದ್ದಕ್ಕೆ ನಾಳೆ ದಾಖಲೆ ಇರಲ್ಲ.

ಕೋರಂ ಬಗ್ಗೆ ತುಂಬಾ ಹುಷಾರಾಗಿರಿ, ಫೈಲ್ ಬಿದ್ದುಹೋಗೋದು ಬಹಳ ಸಲ ಇಲ್ಲೇ. ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧ ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಹಕ್ಕಿನ ಅರ್ಜಿ ಬಗ್ಗೆ ನಿರ್ಣಯ ಮಾಡೋ ಸಭೆ ಆದ್ರೆ ಅರ್ಜಿ ಹಾಕಿದವರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ ಹಾಜರಿರಬೇಕು. ಅದಕ್ಕೇ ಕೊಡಗಿನ ಕಡೆ ಕಾಫಿ ಕೊಯ್ಲಿಗೆ ಹಾಡಿನೇ ಖಾಲಿ ಆಗೋ ತಿಂಗಳಲ್ಲಿ ಸಭೆ ಇಟ್ಕೋಬೇಡಿ. ಹೆಬ್ಬೆಟ್ಟು, ಸಹಿ ಎಲ್ಲಾ ನಡಾವಳಿ ಪುಸ್ತಕದಲ್ಲೇ ತಗೊಳ್ಳಿ, ಬಿಡಿ ಹಾಳೆಯಲ್ಲಿ ಬೇಡ. ಸಾಧ್ಯ ಆದ್ರೆ ಫೋಟೋ ತೆಗೆದು ಇಡಿ.

ಅದೇ ಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ಆರಿಸಿ, 10ರಿಂದ 15 ಜನ. ಕನಿಷ್ಠ ಮೂರನೇ ಎರಡು ಭಾಗ ಎಸ್‌ಟಿಯವರು, ಮೂರನೇ ಒಂದು ಭಾಗ ಹೆಂಗಸರು. ಸಮಿತಿನೇ ಅಧ್ಯಕ್ಷರು, ಕಾರ್ಯದರ್ಶಿನ ಆರಿಸ್ಕೊಂಡು ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ ತಿಳಿಸಬೇಕು. ಕಾರ್ಯದರ್ಶಿ ಆಗೋರು ಓದು ಬಲ್ಲವರಾಗಿರಲಿ, ಆದ್ರೆ ಕಾಡಿನ ಗುರುತು ಗೊತ್ತಿರೋ ಅಜ್ಜ, ಜೇನಿಗೆ ಹೋಗೋರು, ಸೊಪ್ಪು ಗೆಣಸು ತರೋ ಅಜ್ಜಿ, ಇವರು ಸಮಿತಿಯಲ್ಲಿ ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಮುಂದೆ ಗಡಿ ಹೇಳೋರು ಅವರೇ.

ಹೆಜ್ಜೆ 2: ಅರ್ಜಿ ಕರೆಯೋದು, ಸಾಕ್ಷಿ ಕೂಡಿಸೋದು

ಗ್ರಾಮಸಭೆ ಅರ್ಜಿ ಕರೆದ ಮೇಲೆ ಮೂರು ತಿಂಗಳ ಟೈಮು, ಬೇಕಿದ್ರೆ ಕಾರಣ ಬರೆದು ಗ್ರಾಮಸಭೆನೇ ವಿಸ್ತರಿಸಬಹುದು. ಕಾಯ್ದೆಯಲ್ಲಿ "ಇಂಥ ವರ್ಷಕ್ಕೆ ಕೊನೆ" ಅಂತ ಎಲ್ಲೂ ಇಲ್ಲ, "ಅರ್ಜಿ ಹಾಕೋ ಕಾಲ ಮುಗೀತು" ಅಂತ ವಾಪಸ್ ಕಳಿಸಿದ್ರೆ ಆ ಮಾತನ್ನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಫಾರ್ಮ್‌ಗಳನ್ನ ಉಚಿತವಾಗಿ ಕೊಡಬೇಕಾದ್ದು ಉಪವಿಭಾಗ ಸಮಿತಿ. ಕಾಡಿನ ಮ್ಯಾಪು, ಕಂದಾಯ ಮ್ಯಾಪು, ಮತದಾರರ ಪಟ್ಟಿ ಕೊಡೋದೂ ಅವರ ಕೆಲಸನೇ, ಕೇಳಿ ತಗೊಳ್ಳಿ.

ಸಾಕ್ಷಿ ಕನಿಷ್ಠ ಎರಡು ಬೇಕು. ಇಲ್ಲಿ ಜನ ಸುಮ್ಮನೆ ಹೆದರ್ತಾರೆ, "ನಮ್ ಹತ್ರ ಒಂದು ಚೀಟಿನೂ ಇಲ್ಲ, ಮಳೇಲಿ ನೆನೆದೋಯ್ತು, ಆನೆ ಬಂದು ಗುಡಿಸಲು ಕೆಡವಿದಾಗ ಹೋಯ್ತು" ಅಂತ. ನಿಯಮ 13 ಓದಿ ನೋಡಿ, ಕಾಗದನೇ ಬೇಕು ಅಂತ ಇಲ್ಲ. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನ ಬರೆದು ಹೆಬ್ಬೆಟ್ಟು ಹಾಕಿಸಿದ್ರೆ ಅದು ಒಂದು ಸಾಕ್ಷಿ. ಜಮೀನಿನ ಮೇಲಿರೋ ಗುರುತು, ಅಂದ್ರೆ ಮನೆ, ಹಳೇ ಬದು, ಸಮ ಮಾಡಿದ ನೆಲ, ಅದು ಇನ್ನೊಂದು ಸಾಕ್ಷಿ. ಬಾವಿ, ಸಮಾಧಿ, ದೇವರ ಜಾಗ ಇವೂ ಲೆಕ್ಕಕ್ಕೆ ಬರ್ತವೆ. ಎರಡಾಯ್ತಲ್ಲ, ಅರ್ಜಿ ಹಾಕಬಹುದು.

ಆದ್ರೂ ಕಾಗದ ಎಷ್ಟು ಸಿಗತ್ತೋ ಅಷ್ಟು ಕೂಡಿಸಿ, ಯಾಕಂದ್ರೆ ಮೇಲಿನ ಸಮಿತಿಯಲ್ಲಿ ಕೂತೋರು ಕಾಗದನೇ ನೋಡಿ ಅಭ್ಯಾಸ ಆದೋರು. ವೋಟರ್ ಐಡಿ, ರೇಷನ್ ಕಾರ್ಡು, ಮನೆ ಕಂದಾಯದ ರಶೀದಿ ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಕಡೆ ಹುಡುಕಿ: ಆಶ್ರಮ ಶಾಲೆಯ ಹಳೇ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರು ಹಾಡಿಯ ಹೆಸರು ಇರತ್ತೆ, ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ಸದಸ್ಯರ ಪುಸ್ತಕ ಇರತ್ತೆ, ಅಜ್ಜ ಆನೆ ಕ್ಯಾಂಪಲ್ಲಿ ಮಾವುತ ಕಾವಾಡಿ ಆಗಿದ್ರೆ ಅಥವಾ ಬೆಂಕಿ ವಾಚರ್ ಆಗಿದ್ರೆ ಅರಣ್ಯ ಇಲಾಖೆಯ ಮಸ್ಟರ್ ರೋಲಲ್ಲೇ ಹೆಸರು ಇರಬಹುದು. ಅಜ್ಜನ ಮೇಲೆ ಒತ್ತುವರಿ ಅಂತ ಹಾಕಿದ ಹಳೇ ಅರಣ್ಯ ಕೇಸು, ದಂಡ ಕಟ್ಟಿದ ರಶೀದಿ ಇದ್ರೆ ನಾಚಿಕೆ ಪಟ್ಕೊಂಡು ಬಚ್ಚಿಡಬೇಡಿ, 2005ಕ್ಕೂ ಮುಂಚೆ ನೀವು ಆ ಜಾಗದಲ್ಲೇ ಇದ್ರಿ ಅಂತ ಇಲಾಖೆನೇ ಬರೆದುಕೊಟ್ಟ ಕಾಗದ ಅದು. ಇಲಾಖೆಯ ವರ್ಕಿಂಗ್ ಪ್ಲಾನ್, ಜನಗಣತಿ, ಗೆಜೆಟಿಯರ್, ಮೈಸೂರು ಸಂಸ್ಥಾನದ ಕಾಲದ ದಾಖಲೆ ಇವನ್ನೂ ನಿಯಮ ಒಪ್ಪತ್ತೆ. ಇಂಥ ದಾಖಲೆ ಆಫೀಸಿಂದ ಬೇಕಿದ್ರೆ ಆರ್‌ಟಿಐ ಅರ್ಜಿ ಹಾಕಿ ಕೇಳಿ, ಅದಕ್ಕೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು.

ಎಸ್‌ಟಿಯವರಿಗೆ ಬೇಕಾದ ತಾರೀಖು ಒಂದೇ, 2005ರ ಡಿಸೆಂಬರ್ 13. ಅದಕ್ಕೆ ಮುಂಚೆ ಆ ಭೂಮಿ ನಿಮ್ಮ ಸ್ವಾಧೀನದಲ್ಲಿ ಇರಬೇಕು, ಅಷ್ಟೇ. 75 ವರ್ಷದ ದಾಖಲೆ ಕೊಡಿ ಅಂತ ಎಸ್‌ಟಿಯವರನ್ನ ಕೇಳೋ ಹಾಗಿಲ್ಲ.

75 ವರ್ಷ, ಅಂದ್ರೆ ಮೂರು ತಲೆಮಾರು, ಅನ್ನೋದು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ, ಅಂದ್ರೆ ಎಸ್‌ಟಿ ಅಲ್ಲದ ಕಾಡಿನ ಜನರಿಗೆ. ಉತ್ತರ ಕನ್ನಡದಲ್ಲಿ, ಮಲೆನಾಡಲ್ಲಿ ರಾಶಿ ರಾಶಿ ಅರ್ಜಿ ಬಿದ್ದುಹೋಗಿದ್ದು ಈ ಒಂದು ಷರತ್ತಿಂದ. ಇದನ್ನ ಸರಿಯಾಗಿ ಓದಬೇಕು. ಆ ಸಮುದಾಯ ಅಥವಾ ಆ ಮನೆತನ 1930ರಿಂದ ಆ ಕಾಡು ಪ್ರದೇಶದಲ್ಲಿ ಇದ್ದು ಕಾಡನ್ನ ಅವಲಂಬಿಸಿತ್ತು ಅಂತ ತೋರಿಸಬೇಕೇ ಹೊರತು ಅದೇ ಸರ್ವೆ ನಂಬರಿನ ಅದೇ ಗದ್ದೆನ 75 ವರ್ಷ ಉತ್ತಿದ್ದೀವಿ ಅಂತ ತೋರಿಸಬೇಕಿಲ್ಲ, ಗದ್ದೆಯ ಸ್ವಾಧೀನಕ್ಕೆ ಅವರಿಗೂ 2005ರ ಡಿಸೆಂಬರ್ 13ರ ತಾರೀಖೇ. ಹಾಗಾಗಿ ಒಬ್ಬೊಬ್ಬರೂ ಬೇರೆ ಬೇರೆ ಒದ್ದಾಡೋ ಬದಲು ಇಡೀ ಊರಿಗೆ ಒಂದು ಸಾಕ್ಷಿ ಕಟ್ಟು ಮಾಡಿ. ಬಾಂಬೆ ಪ್ರೆಸಿಡೆನ್ಸಿ ಕಾಲದಲ್ಲಿ, 1883ರಲ್ಲಿ ಬಂದ ಕೆನರಾ ಜಿಲ್ಲಾ ಗೆಜೆಟಿಯರ್‌ನಲ್ಲಿ ಹಾಲಕ್ಕಿ, ಕುಣಬಿ, ಸಿದ್ದಿ ಸಮುದಾಯಗಳ ವಿವರ ಇದೆ. ಊರಿನ ಹಳೇ ದೇವಸ್ಥಾನ, ಹಳೇ ಶಾಲೆ, ಮನೆತನಗಳ ವಂಶವೃಕ್ಷ ಇವನ್ನ ಸೇರಿಸಿ, ಒಂದೇ ಕಟ್ಟನ್ನ ಎಲ್ಲರ ಅರ್ಜಿಗೂ ಜೆರಾಕ್ಸ್ ಮಾಡಿ ಲಗತ್ತಿಸಿ.

ಅರ್ಜಿ ತುಂಬುವಾಗ ಗಂಡ ಹೆಂಡತಿ ಇಬ್ಬರ ಹೆಸರೂ ಹಾಕಿ, ಹಕ್ಕುಪತ್ರ ಇಬ್ಬರ ಹೆಸರಲ್ಲಿ ಜಂಟಿಯಾಗಿ ಬರಬೇಕು ಅನ್ನೋದು ಕಾನೂನು. ಒಂಟಿ ಹೆಂಗಸು, ವಿಧವೆ ಮನೆ ನಡೆಸ್ತಿದ್ರೆ ಅವರ ಹೆಸರಲ್ಲೇ. ವಿಸ್ತೀರ್ಣ ನಿಜವಾಗಿ ಸ್ವಾಧೀನ ಇರೋಷ್ಟೇ ಬರೀರಿ, ಜಾಸ್ತಿ ಅಂದ್ರೆ 4 ಹೆಕ್ಟೇರ್, ಹತ್ತಿರ ಹತ್ತಿರ ಹತ್ತೆಕರೆ. ಕಡಿಮೆನೂ ಬರೀಬೇಡಿ, ಯಾರೋ "ಎರಡೆಕರೆ ಅಂತ ಬರೆದ್ರೆ ಬೇಗ ಸಿಗತ್ತೆ" ಅಂದ್ರು ಅಂತ ಅಜ್ಜಿ ಕಾಲದಿಂದ ರಾಗಿ ಬೆಳೀತಿದ್ದ ಜಾಗ ಬಿಟ್ಟುಕೊಡಬೇಡಿ.

ಪ್ರತಿ ಅರ್ಜಿಗೂ ಸಮಿತಿ ಸ್ವೀಕೃತಿ ಚೀಟಿ ಕೊಡಬೇಕು. ಒಂದು ರಿಜಿಸ್ಟರಲ್ಲಿ ಕ್ರಮಸಂಖ್ಯೆ ಹಾಕಿ ಬರ್ಕೊಳ್ಳಿ.

ಹೆಜ್ಜೆ 3: ಸ್ಥಳ ಪರಿಶೀಲನೆ

ಸಮಿತಿಯವರು ಅರ್ಜಿದಾರರಿಗೂ ಅರಣ್ಯ ಇಲಾಖೆಗೂ ಮುಂಚೆ ನೋಟೀಸ್ ಕೊಟ್ಟು ಜಾಗಕ್ಕೆ ಹೋಗಿ ನೋಡಬೇಕು. ಆರ್‌ಎಫ್‌ಓಗೆ (ವಲಯ ಅರಣ್ಯಾಧಿಕಾರಿಗೆ) ಮತ್ತು ಕಂದಾಯ ಇಲಾಖೆಗೆ ತಾರೀಖು, ಟೈಮು, ಜಾಗ ಬರೆದು ಪತ್ರ ಕೊಡಿ, ಸ್ವೀಕೃತಿ ತಗೊಳ್ಳಿ. ನಿಯಮ 12ಎ ಪ್ರಕಾರ ಅವರು ಬಂದು, ನೋಡಿ, ತಮ್ಮ ಹುದ್ದೆ ತಾರೀಖು ಅಭಿಪ್ರಾಯದ ಸಮೇತ ಸಹಿ ಹಾಕಬೇಕು. ಬರದೆ ಹೋದ್ರೆ? ಬರಲಿಲ್ಲ ಅಂತ ಮಹಜರಲ್ಲಿ ಬರೆದು ನಿಮ್ಮ ಕೆಲಸ ಮುಂದುವರಿಸಿ. ಆಮೇಲೆ ಅವರು "ನಾವಿರಲಿಲ್ಲ, ನಮ್ಮ ಆಕ್ಷೇಪ ಇದೆ" ಅಂದ್ರೆ ಅರ್ಜಿ ಇನ್ನೊಂದು ಸಲ ಪರಿಶೀಲನೆಗೆ ಗ್ರಾಮಸಭೆಗೇ ವಾಪಸ್ ಬರತ್ತೆ, ಆಗಲೂ ಅವರು ಬರದಿದ್ರೆ ಗ್ರಾಮಸಭೆ ತೀರ್ಮಾನನೇ ಅಂತಿಮ. ಇಂಥ ಒಂದು ರಕ್ಷಣೆ ಕಾನೂನಲ್ಲಿ ಇದೆ ಅಂತ ಎಷ್ಟೋ ಸಮಿತಿಗಳಿಗೆ ಗೊತ್ತೇ ಇಲ್ಲ, ಅಧಿಕಾರಿ ಬರ್ಲಿ ಅಂತ ಕಾಯ್ತಾ ವರ್ಷ ಕಳೀತಾರೆ.

ಫಾರ್ಮ್ ಸಿಗೆ ಗಡಿ ಗುರುತಿಸೋದು ದೊಡ್ಡ ಕೆಲಸ, ನಿಧಾನವಾಗಿ ಮಾಡಿ. ಹಿರಿಯರನ್ನ ಮುಂದೆ ಬಿಟ್ಟು ನಡೀರಿ, ಹಳ್ಳ, ಗುಡ್ಡದ ನೆತ್ತಿ, ದೊಡ್ಡ ಬಂಡೆ, ಹಳೇ ಹಾಡಿಯ ಜಾಗ, ದೇವರ ಮರ, ಜೇನು ಕಟ್ಟೋ ಮರಗಳಿರೋ ಕಡೆ, ಇವನ್ನೆಲ್ಲ ಮೊಬೈಲ್ ಜಿಪಿಎಸ್‌ನಲ್ಲಿ ಗುರುತು ಮಾಡ್ಕೊಳ್ಳಿ, ಹಾಡಿಯೋರು ಏನಂತ ಕರೀತಾರೋ ಅದೇ ಹೆಸರು ಬರೀರಿ, ಇಲಾಖೆಯ ಕಂಪಾರ್ಟ್‌ಮೆಂಟ್ ನಂಬರ್ ಗೊತ್ತಿದ್ರೆ ಪಕ್ಕದಲ್ಲಿ ಹಾಕಿ. ಜೇನಿಗೆ ಹೋಗುವಾಗ ರಾತ್ರಿ ತಂಗ್ತಿದ್ದ ಜಾಗ, ಹೆರಿಗೆ ನೋವಲ್ಲಿ ಹೊತ್ಕೊಂಡು ಬರ್ತಿದ್ದ ದಾರಿ, ಇಂಥದ್ದನ್ನೂ ಹಿರಿಯರ ಬಾಯಿಂದ ಕೇಳಿ ಬರ್ಕೊಳ್ಳಿ, ಬರೀ ಗೆರೆ ಎಳೆದ ಮ್ಯಾಪಿಗಿಂತ ಇದು ಬಲ. ಪಕ್ಕದ ಹಾಡಿಯವರು ಅದೇ ಕಾಡನ್ನ ಬಳಸ್ತಿದ್ರೆ ಜಗಳ ಬೇಡ, ಎರಡೂ ಕಡೆ ಸಮಿತಿ ಒಟ್ಟಿಗೆ ಕೂತು ಯಾರು ಏನಕ್ಕೆ ಬಳಸ್ತಾರೆ ಅಂತ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೋಬೇಕು ಅಂತ ನಿಯಮನೇ ಹೇಳತ್ತೆ. ಕೂತು ಮಾತಾಡಿದ್ರೂ ಬಗೆಹರಿಯದಿದ್ರೆ ಮಾತ್ರ ಎಸಿ ಸಮಿತಿಗೆ ಹೋಗತ್ತೆ.

ಹೆಜ್ಜೆ 4: ಗ್ರಾಮಸಭೆ ನಿರ್ಣಯ

ಸಮಿತಿ ತನ್ನ ವರದಿನ ಗ್ರಾಮಸಭೆ ಮುಂದೆ ಇಡತ್ತೆ, ಗ್ರಾಮಸಭೆ ಒಪ್ಪಿ ನಿರ್ಣಯ ಮಾಡತ್ತೆ. ಮತ್ತೆ ಅದೇ ಕೋರಂ. ನಿರ್ಣಯ ಹೀಗೆ ಇರಲಿ: "ಇಂಥ ದಿನ ನಡೆದ ಇಂಥ ಹಾಡಿಯ ಗ್ರಾಮಸಭೆಯಲ್ಲಿ ಒಟ್ಟು ಸದಸ್ಯರು ಇಷ್ಟು, ಹಾಜರಾದವರು ಇಷ್ಟು, ಅದರಲ್ಲಿ ಮಹಿಳೆಯರು ಇಷ್ಟು, ಅರ್ಜಿದಾರರು ಇಷ್ಟು. ಅರಣ್ಯ ಹಕ್ಕು ಸಮಿತಿಯ ಪರಿಶೀಲನಾ ವರದಿಯನ್ನು ಓದಿ ಹೇಳಲಾಯಿತು. ಕ್ರಮಸಂಖ್ಯೆ ಇಷ್ಟರಿಂದ ಇಷ್ಟರವರೆಗಿನ ಅರ್ಜಿಗಳನ್ನು ಸಭೆಯು ಒಪ್ಪಿ, ಉಪವಿಭಾಗ ಮಟ್ಟದ ಸಮಿತಿಗೆ ಕಳುಹಿಸಲು ತೀರ್ಮಾನಿಸಿತು." ಈ ಸಂಖ್ಯೆಗಳು ಇಲ್ಲದ ನಿರ್ಣಯ ಮೇಲೆ ಹೋದ್ರೆ "ಕೋರಂ ಇಲ್ಲ" ಅಂತ ವಾಪಸ್ ಬರತ್ತೆ.

ಪೂರ್ತಿ ಫೈಲ್‌ನ ಎರಡು ಸೆಟ್ ಜೆರಾಕ್ಸ್ ಮಾಡಿ, ಒಂದು ಹಾಡಿಯಲ್ಲಿ, ಇನ್ನೊಂದು ಬೇರೆ ಊರಲ್ಲಿ ನಂಬಿಕಸ್ಥರ ಮನೇಲಿ ಇಡಿ. ಮೊಬೈಲಲ್ಲಿ ಪ್ರತಿ ಪುಟದ ಫೋಟೋನೂ ಇರಲಿ. ಫೈಲ್ ಕಳೆದುಹೋಯ್ತು ಅನ್ನೋ ಮಾತು ಆಫೀಸುಗಳಲ್ಲಿ ಹೊಸದಲ್ಲ.

ಹೆಜ್ಜೆ 5: ಮೇಲಿನ ಎರಡು ಸಮಿತಿ

ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿ ನೋಡಿ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಕಳಿಸತ್ತೆ, ಜಿಲ್ಲಾ ಸಮಿತಿದೇ ಕೊನೇ ತೀರ್ಮಾನ. ಎರಡರಲ್ಲೂ ಅರಣ್ಯ ಇಲಾಖೆ ಅಧಿಕಾರಿ ಒಬ್ಬರು ಸದಸ್ಯರು ಅಷ್ಟೇ, ಅವರೊಬ್ಬರು ಬೇಡ ಅಂದಿದ್ದಕ್ಕೆ ಅರ್ಜಿ ಬಿದ್ದುಹೋಗಬಾರದು. "ಇಂಥದ್ದೇ ದಾಖಲೆ ತನ್ನಿ" ಅಂತ ಈ ಸಮಿತಿಗಳು ಹಟ ಹಿಡಿಯೋ ಹಾಗಿಲ್ಲ. ಸ್ಯಾಟಲೈಟ್ ಫೋಟೋದಲ್ಲಿ ಕಾಣ್ತಿಲ್ಲ ಅನ್ನೋದೊಂದೇ ಸಾಲದು, ಅದು ಬೇರೆ ಸಾಕ್ಷಿಗೆ ಪೂರಕ ಮಾತ್ರ, ಮರದ ಕೆಳಗಿನ ಗುಡಿಸಲು, ಕಾಡಿನ ನೆರಳಲ್ಲಿ ಬೆಳೆಯೋ ಬೆಳೆ ಆಕಾಶದಿಂದ ಕಾಣಲ್ಲ.

ಅರ್ಜಿ ತಿರಸ್ಕಾರ ಆದ್ರೆ ಅಥವಾ ಐದೆಕರೆ ಕೇಳಿದ್ದಕ್ಕೆ ಐದು ಗುಂಟೆ ಕೊಟ್ರೆ, ಕಾರಣ ಬರೆದು, ಅರ್ಜಿದಾರರ ಕೈಗೇ ಮುಟ್ಟಿಸಬೇಕು. ಆ ಹಿಂಬರಹ ಕೈಗೆ ಬಂದ ತಾರೀಖು ಬರೆದಿಡಿ, ಮೇಲ್ಮನವಿಗೆ 60 ದಿನ ಇರತ್ತೆ. ಗ್ರಾಮಸಭೆ ತಿರಸ್ಕರಿಸಿದ್ರೆ ಉಪವಿಭಾಗ ಸಮಿತಿಗೆ, ಅವರು ತಿರಸ್ಕರಿಸಿದ್ರೆ ಜಿಲ್ಲಾ ಸಮಿತಿಗೆ. ನಿಮ್ಮ ಮಾತು ಕೇಳದೆ ಅರ್ಜಿ ವಜಾ ಮಾಡಂಗಿಲ್ಲ. ಜಿಲ್ಲಾ ಸಮಿತಿನೂ ಅನ್ಯಾಯ ಮಾಡಿದ್ರೆ ಹೈಕೋರ್ಟಲ್ಲಿ ರಿಟ್ ಹಾಕಬಹುದು, ಎಸ್‌ಟಿಯವರಿಗೂ ಹೆಣ್ಣುಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನ ಕೊಡತ್ತೆ.

ತಿರಸ್ಕಾರ ಆಗಿದೆ ಅಂತ ಎಬ್ಬಿಸೋಕೆ ಬಂದ್ರೆ ಏನು ಮಾಡೋದು ಅಂತ ಬಹಳ ಜನ ಕೇಳ್ತಾರೆ. 2019ರ ಫೆಬ್ರವರಿ 13ಕ್ಕೆ ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕಾರ ಆದವರನ್ನ ತೆರವು ಮಾಡಿ ಅಂತ ಆದೇಶ ಕೊಟ್ಟಾಗ ಹಾಡಿಗಳಲ್ಲಿ ಜನ ನಿದ್ದೆ ಬಿಟ್ಟಿದ್ರು. ಅದೇ ತಿಂಗಳು 28ಕ್ಕೆ ಕೋರ್ಟೇ ಆ ಆದೇಶವನ್ನ ತಡೆಹಿಡೀತು, ತಿರಸ್ಕಾರ ಸರಿಯಾದ ಕ್ರಮದಲ್ಲಿ ಆಗಿದೆಯಾ ಅಂತ ನೋಡಬೇಕು ಅಂತ. ಕಾಯ್ದೆಯ ಸೆಕ್ಷನ್ 4(5) ಸ್ಪಷ್ಟ ಇದೆ, ಹಕ್ಕು ಗುರುತಿಸೋ ಪರಿಶೀಲಿಸೋ ಪ್ರಕ್ರಿಯೆ ಮುಗಿಯೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಈ ಸೆಕ್ಷನ್ ನಂಬರ್ ಬಾಯಿಪಾಠ ಮಾಡ್ಕೊಳ್ಳಿ, ಅರ್ಜಿಯ ಸ್ವೀಕೃತಿಯ ಜೆರಾಕ್ಸ್ ಮನೇಲಿ ಸುಲಭಕ್ಕೆ ಸಿಗೋ ಜಾಗದಲ್ಲಿಡಿ. ಎಸ್‌ಟಿಯವರ ಅರಣ್ಯ ಹಕ್ಕಿಗೆ ಬೇರೆಯವರು ಅಡ್ಡಿ ಮಾಡೋದು 2016ರ ಜನವರಿಯಿಂದ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧನೂ ಹೌದು.

ಹಕ್ಕುಪತ್ರ ಬಂದ ಮೇಲೆ

ಹಕ್ಕುಪತ್ರ ಬಂತು ಅಂತ ಫೋಟೋ ತೆಗೆಸ್ಕೊಂಡು ಟ್ರಂಕಲ್ಲಿ ಇಟ್ರೆ ಆಗಲ್ಲ. ವಿಸ್ತೀರ್ಣ, ಚಕ್ಕುಬಂದಿ, ಇಬ್ಬರ ಹೆಸರು ಸರಿ ಇದೆಯಾ ನೋಡಿ. ಕಂದಾಯ ಮತ್ತು ಅರಣ್ಯ ದಾಖಲೆಯಲ್ಲಿ ಮೂರು ತಿಂಗಳ ಒಳಗೆ ನಮೂದು ಆಗಬೇಕು, ಆಗಿಲ್ಲ ಅಂದ್ರೆ ಬರೆದು ಕೇಳಿ. ಈ ಭೂಮಿ ಮಾರೋಕಾಗಲ್ಲ, ಬೇರೆಯವರಿಗೆ ವರ್ಗಾಯಿಸೋಕೂ ಆಗಲ್ಲ, ಮಕ್ಕಳಿಗೆ ವಾರಸುದಾರಿಕೆಯಲ್ಲಿ ಹೋಗತ್ತೆ. ಇದನ್ನ ಕೊರತೆ ಅಂತ ಕೆಲವರು ಹೇಳ್ತಾರೆ, ನನಗೆ ಹಾಗನ್ನಿಸಲ್ಲ, ಸುತ್ತಲೂ ರೆಸಾರ್ಟ್ ಏಳ್ತಿರೋ ಕಾಲದಲ್ಲಿ ಹಾಡಿಯ ಭೂಮಿ ಹಾಡಿಯಲ್ಲೇ ಉಳಿಯೋದು ಇದರಿಂದ. ಸಾಗುವಳಿ, ನೀರಾವರಿ, ಮನೆ ಇಂಥ ಸರ್ಕಾರಿ ಯೋಜನೆಗಳ ಸಹಾಯ ಹಕ್ಕುಪತ್ರದವರಿಗೆ ಸಿಗಬೇಕು ಅಂತ ನಿಯಮ 16 ಹೇಳತ್ತೆ, ಸರ್ಕಾರ ಭೂಸ್ವಾಧೀನ ಮಾಡಿದ್ರೆ 2013ರ ಕಾಯ್ದೆ ಪ್ರಕಾರ ನೀವೂ ಭೂಮಾಲೀಕರೇ.

ಸಮುದಾಯ ಹಕ್ಕು ಬಂದಿದ್ರೆ ಕೆಲಸ ಅಲ್ಲಿಂದ ಶುರು. ಗ್ರಾಮಸಭೆ ಕಾಡು ಕಾಯೋಕೆ ಒಂದು ಸಮಿತಿ ಮಾಡಬೇಕು, ಎಲ್ಲಿ ಯಾವಾಗ ಏನು ಕೊಯ್ಯಬೇಕು, ಎಷ್ಟು ಬಿಡಬೇಕು, ಲಂಟಾನ ಎಲ್ಲಿ ಕೀಳಬೇಕು ಅಂತ ತನ್ನದೇ ಯೋಜನೆ ಬರೀಬೇಕು, ಇಲಾಖೆ ತನ್ನ ಯೋಜನೆಗೆ ಅದನ್ನ ಸೇರಿಸಿಕೋಬೇಕು. ಕಿರು ಅರಣ್ಯ ಉತ್ಪನ್ನ ಸಾಗಿಸೋ ಪರ್ಮಿಟ್ ಕೊಡೋದೂ ಈ ಸಮಿತಿನೇ, ಅದಕ್ಕೆ ಇಲಾಖೆಗೆ ಶುಲ್ಕ, ರಾಯಲ್ಟಿ ಏನೂ ಇಲ್ಲ. ಮಹಾರಾಷ್ಟ್ರದ ಗಡ್ಚಿರೋಲಿ ಜಿಲ್ಲೆಯಲ್ಲಿ ಮೆಂಢಾ ಲೇಖಾ ಅಂತ ಒಂದು ಗೊಂಡ ಊರಿದೆ, ಅವರಿಗೆ 2009ರಲ್ಲಿ 1,800 ಹೆಕ್ಟೇರ್‌ಗೂ ಜಾಸ್ತಿ ಕಾಡಿನ ಹಕ್ಕು ಸಿಕ್ತು, 2011ರ ಏಪ್ರಿಲ್‌ನಲ್ಲಿ ಬಿದಿರು ಸಾಗಿಸೋ ಪರ್ಮಿಟ್ ಪುಸ್ತಕನ ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಊರಿಗೇ ಬಂದು ಗ್ರಾಮಸಭೆ ಕೈಗೆ ಕೊಟ್ರು. ಒಡಿಶಾದ ನಿಯಮಗಿರಿಯಲ್ಲಿ ಡೊಂಗ್ರಿಯಾ ಕೊಂಧರ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಬೇಡ್ವಾ ಅನ್ನೋ ವಿಷಯ ಗ್ರಾಮಸಭೆಗಳ ಮುಂದೆ ಇಡಿ ಅಂತ 2013ರ ಏಪ್ರಿಲ್ 18ಕ್ಕೆ ಸುಪ್ರೀಂ ಕೋರ್ಟ್ ಹೇಳ್ತು, 12 ಗ್ರಾಮಸಭೆಗಳೂ ಬೇಡ ಅಂದ್ವು, ಗಣಿ ನಿಂತೋಯ್ತು.

ಇನ್ನು ಕರೆಂಟು, ರಸ್ತೆ ಇಲ್ಲದ ಹಾಡಿಗಳಿಗೆ ಒಂದು ಮಾತು. ಸೆಕ್ಷನ್ 3(2) ನೋಡಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ಕರೆಂಟ್ ಲೈನು, ಕುಡಿಯೋ ನೀರಿನ ಪೈಪು, ರಸ್ತೆ, ಸಮುದಾಯ ಭವನ ಹೀಗೆ 13 ಥರದ ಸೌಲಭ್ಯಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು, ಹೆಕ್ಟೇರ್‌ಗೆ 75 ಮರಕ್ಕಿಂತ ಜಾಸ್ತಿ ಕಡಿಯೋ ಹಾಗಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಇದಕ್ಕೆ ದೆಹಲಿಗೆ ಫೈಲ್ ಹೋಗೋದು ಬೇಡ, ಸಂಬಂಧಪಟ್ಟ ಇಲಾಖೆ ಪ್ರಸ್ತಾವನೆ ಕೊಟ್ಟು ಗ್ರಾಮಸಭೆ ನಿರ್ಣಯ ಆದ್ರೆ ಜಿಲ್ಲೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಮಟ್ಟದಲ್ಲೇ ಒಪ್ಪಿಗೆ ಆಗತ್ತೆ. ಹಕ್ಕುಪತ್ರದ ಅರ್ಜಿ ಇನ್ನೂ ಬಾಕಿ ಇದ್ರೂ ಇದನ್ನ ಕೇಳಬಹುದು, ಮುಂದಿನ ಗ್ರಾಮಸಭೆಯಲ್ಲೇ ಈ ನಿರ್ಣಯನೂ ಒಂದು ಬರೆದು ಸೆಸ್ಕಾಂ ಅಥವಾ ಹೆಸ್ಕಾಂ, ಮೆಸ್ಕಾಂ, ನಿಮ್ಮ ಕಡೆ ಯಾವುದಿದೆಯೋ ಆ ಸೆಕ್ಷನ್ ಆಫೀಸಿಗೂ ಪಂಚಾಯ್ತಿಗೂ ಕೊಟ್ಟು ಸೀಲು ಹಾಕಿಸ್ಕೊಂಡು ಬನ್ನಿ.